ಬೆರೆತ ನೀರಿನ ಲೆಕ್ಕ: ಎಂಟ್ರೊಪಿ ಯಾವ ಅಳತೆಯಲ್ಲಿ ಹುಟ್ಟುತ್ತದೆ?

ಬಚ್ಚಲುಮನೆಯ ಹಂಡೆಯಿಂದ ಹತ್ತು ಲೀಟರ್ ಬಿಸಿನೀರು ತೋಡಿ, ಹತ್ತು ಲೀಟರ್ ತಣ್ಣೀರಿಗೆ ಬೆರೆಸಿದಿರಿ ಎನ್ನಿ. ಬಿಸಿನೀರು 80 ಡಿಗ್ರಿ, ತಣ್ಣೀರು 20 ಡಿಗ್ರಿ. ಬೆರೆತ ಮೇಲೆ 50. ಸ್ನಾನಕ್ಕೆ ಇನ್ನೂ ತುಸು ಹೆಚ್ಚೇ. ಶಾಖ ಎಲ್ಲಿಗೂ ಹೋಗಿಲ್ಲ, ಮೊದಲಿದ್ದಷ್ಟೇ ಇದೆ. ಆದರೂ ಏನೋ ಒಂದು ಮರಳಿ ಬಾರದಂತೆ ಕೈತಪ್ಪಿದೆ. ಅದನ್ನು ಲೆಕ್ಕ ಹಾಕಬಹುದು. ಬೆರೆಯುವ ಈ ಕ್ರಿಯೆಯಲ್ಲಿ ಕೆಲ್ವಿನ್ನಿಗೆ ಸುಮಾರು 362 ಜೂಲ್‌ನಷ್ಟು ಎಂಟ್ರೊಪಿ ಹೊಸದಾಗಿ ಹುಟ್ಟುತ್ತದೆ. ಸುತ್ತಲಿನ ಗಾಳಿಯೂ 20 ಡಿಗ್ರಿಯಲ್ಲಿದ್ದರೆ, ಬೆರೆಸುವ ಮುಂಚೆ ಆ ನೀರಿನಿಂದ ಪಡೆಯಬಹುದಾಗಿದ್ದ ಕೆಲಸದಲ್ಲಿ 106 ಕಿಲೋಜೂಲ್ ಖೋತಾ ಆಯಿತೆಂದು ಇದರ ಅರ್ಥ. ಐವತ್ತು ಕಿಲೋ ಅಕ್ಕಿಮೂಟೆಯನ್ನು 200 ಮೀಟರಿಗೂ ಮೇಲೆ ಎತ್ತಲು ಅಷ್ಟು ಸಾಕು. ಜೋಗದ ಎತ್ತರ 253 ಮೀಟರ್. ಒಂದು ಬಕೆಟ್ ನೀರನ್ನು ಹದ ಮಾಡುವಾಗ, ಜೋಗದ ಬುಡದಿಂದ ಮುಕ್ಕಾಲು ಎತ್ತರಕ್ಕೂ ಮೀರಿ ಒಂದು ಮೂಟೆ ಏರಿಸುವ ಅವಕಾಶವನ್ನು ನಾವು ದಿನವೂ ಕಳೆಯುತ್ತೇವೆ.

ಈ ಪ್ರಮಾಣಕ್ಕೆ ಎಂಟ್ರೊಪಿ ಎಂಬ ಹೆಸರನ್ನು 1865ರಲ್ಲಿ ಕೊಟ್ಟವರು ಜರ್ಮನಿಯ ರುಡಾಲ್ಫ್ ಕ್ಲಾಸಿಯಸ್. ಸಾಗಿದ ಶಾಖವನ್ನು ನಿರಪೇಕ್ಷ ತಾಪದಿಂದ ಭಾಗಿಸಿದರೆ ಅದರ ಲೆಕ್ಕ ಸಿಗುತ್ತದೆ. ಹೊರಗಿನ ಸಂಪರ್ಕವಿಲ್ಲದ ವ್ಯವಸ್ಥೆಯಲ್ಲಿ ಒಟ್ಟು ಎಂಟ್ರೊಪಿ ಇಳಿಯುವುದಿಲ್ಲ ಎಂಬುದು ಉಷ್ಣಗತಿವಿಜ್ಞಾನದ ಎರಡನೆಯ ನಿಯಮ. ಈ ನಿಯಮ ದಿಕ್ಕನ್ನು ಮಾತ್ರ ಹೇಳುತ್ತದೆ, ವೇಗವನ್ನು ಹೇಳುವುದಿಲ್ಲ. ನೀರು ಒಂದು ನಿಮಿಷದಲ್ಲಿ ಬೆರೆಯಲಿ, ಒಂದು ಯುಗವೇ ಹಿಡಿಯಲಿ, ನಿಯಮಕ್ಕೆ ಎರಡೂ ಸಮ್ಮತ. ಆದರೆ ಒಲೆಯ ಮೇಲಿನ ಪಾತ್ರೆ, ಜೀವಕೋಶ, ಮುಂಗಾರು, ಇಡೀ ಭೂಮಿ ಇವೆಲ್ಲ ಸಮತೋಲಕ್ಕೆ ಬಂದು ನಿಂತ ವಸ್ತುಗಳಲ್ಲ. ಒಂದು ಕಡೆಯಿಂದ ಶಕ್ತಿ ಒಳಗೆ ಬರುತ್ತದೆ, ಇನ್ನೊಂದು ಕಡೆಯಿಂದ ಹೊರಗೆ ಹೋಗುತ್ತದೆ. ನಡುವೆ ಎಂಟ್ರೊಪಿ ಹುಟ್ಟುತ್ತಲೇ ಇರುತ್ತದೆ. ಅದು ಹುಟ್ಟುವ ದರಕ್ಕೆ ನಿಯಮವಿದೆಯೇ? ಸುಮಾರು ನೂರು ವರ್ಷಗಳಿಂದ ಭೌತವಿಜ್ಞಾನ ಕೇಳುತ್ತಿರುವ ಪ್ರಶ್ನೆ ಇದು. ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ಎಲ್ಲಕ್ಕೂ ಅನ್ವಯಿಸುವ ಒಂದೇ ದರನಿಯಮ ಸಿಕ್ಕಿಲ್ಲ. ಸಿಗುವ ಲಕ್ಷಣವೂ ಕಾಣುತ್ತಿಲ್ಲ. ಎಂಟ್ರೊಪಿ ಎಷ್ಟು ಹುಟ್ಟುತ್ತಿದೆ ಎಂಬ ಪ್ರಶ್ನೆಗೆ ನಾವು ಎಷ್ಟು ಹತ್ತಿರದಿಂದ ನೋಡುತ್ತಿದ್ದೇವೆ ಎನ್ನುವುದನ್ನು ಹೇಳದೆ ಉತ್ತರವೇ ಇಲ್ಲ.

ಹುಡುಕಾಟದಲ್ಲಿ ಮೊದಲು ಗಟ್ಟಿ ನೆಲ ಸಿಕ್ಕಿದ್ದು ನಾರ್ವೆಯಲ್ಲಿ ಹುಟ್ಟಿದ ಲಾರ್ಸ್ ಒನ್ಸಾಗರ್‌ಗೆ, 1931ರಲ್ಲಿ. ತಾಪದ ವ್ಯತ್ಯಾಸ ವಿದ್ಯುತ್ತನ್ನು ಹರಿಸಬಲ್ಲದು, ವಿದ್ಯುತ್ತಿನ ಹರಿವು ಶಾಖವನ್ನು ಹೊತ್ತೊಯ್ಯಬಲ್ಲದು. ಸಮತೋಲದಿಂದ ತುಸುವೇ ಆಚೆ ಇರುವಾಗ ಈ ಎರಡು ಅಡ್ಡ ಪರಿಣಾಮಗಳು ಒಂದೇ ಗುಣಾಂಕಕ್ಕೆ ಕಟ್ಟುಬಿದ್ದಿರುತ್ತವೆ ಎಂದು ಅವರು ಸಾಧಿಸಿದರು. 1968ರಲ್ಲಿ ಅದಕ್ಕೆ ನೊಬೆಲ್ ಬಂತು. ಬ್ರಸೆಲ್ಸ್‌ನ ಇಲ್ಯಾ ಪ್ರಿಗೊಜಿನ್ 1940ರ ದಶಕದಲ್ಲಿ ಇನ್ನೊಂದು ಹೆಜ್ಜೆ ಮುಂದಿಟ್ಟು, ಸಮತೋಲದ ನೆರೆಯಲ್ಲಿ ಸ್ಥಿರವಾಗಿ ನಡೆಯುವ ವ್ಯವಸ್ಥೆ ಎಂಟ್ರೊಪಿಯನ್ನು ಸಾಧ್ಯವಾದಷ್ಟು ಕಡಿಮೆ ಹುಟ್ಟಿಸುವ ಸ್ಥಿತಿಯನ್ನೇ ಆರಿಸಿಕೊಳ್ಳುತ್ತದೆ ಎಂದರು. ಸುಂದರವಾದ ಮಾತು, ಆದರೆ ಅದರ ನೆರೆಹೊರೆ ಬಹಳ ಚಿಕ್ಕದು. 1900ರಲ್ಲಿ ಫ್ರಾನ್ಸಿನ ಆನ್ರಿ ಬೆನಾರ್ ತೆಳುವಾದ ದ್ರವದ ಪದರವನ್ನು ಕೆಳಗಿನಿಂದ ಕಾಯಿಸಿದಾಗ ಅದು ಜೇನುಗೂಡಿನಂತೆ ಷಟ್ಕೋನಗಳಾಗಿ ಹಂಚಿಕೊಂಡಿತ್ತು. ಹಾಗೆ ದ್ರವ ಮಗುಚಲು ತೊಡಗಿದರೆ, ತಾಪದ ಅಂತರ ಅಷ್ಟೇ ಇದ್ದರೂ ಮೊದಲಿಗಿಂತ ಹೆಚ್ಚು ಶಾಖ ಸಾಗುತ್ತದೆ; ಎಂಟ್ರೊಪಿಯೂ ಹೆಚ್ಚು ಹುಟ್ಟುತ್ತದೆ. ಕನಿಷ್ಠದ ನಿಯಮ ಅಲ್ಲಿಗೆ ನಿಂತಿತು. 1975ರಲ್ಲಿ ರಾಲ್ಫ್ ಲ್ಯಾಂಡವರ್ ಸರಳ ವಿದ್ಯುತ್ ಮಂಡಲಗಳನ್ನೇ ಉದಾಹರಣೆಯಾಗಿ ಇಟ್ಟುಕೊಂಡು, ಎಂಟ್ರೊಪಿಯ ದರವೊಂದನ್ನೇ ನೋಡಿ ಒಂದು ಸ್ಥಿರಸ್ಥಿತಿಯನ್ನು ಗುರುತಿಸಲಾಗದು ಎಂದು ತೋರಿಸಿದರು. ಆ ಟೀಕೆಗೆ ಸಿಗಬೇಕಾದಷ್ಟು ಗಮನ ಇಂದಿಗೂ ಸಿಕ್ಕಿಲ್ಲ.

ಅದೇ 1975ರಲ್ಲಿ ಆಸ್ಟ್ರೇಲಿಯಾದ ಗಾರ್ತ್ ಪಾಲ್ಟ್ರಿಜ್ ತದ್ವಿರುದ್ಧವಾದ ಮಾತನ್ನು ಮುಂದಿಟ್ಟರು. ಸಮಭಾಜಕದಿಂದ ಧ್ರುವಗಳತ್ತ ಗಾಳಿ ಮತ್ತು ಸಾಗರ ಶಾಖವನ್ನು ಸಾಗಿಸುತ್ತವಲ್ಲ, ಆ ಸಾಗಣೆ ಎಂಟ್ರೊಪಿಯನ್ನು ಗರಿಷ್ಠವಾಗಿ ಹುಟ್ಟಿಸುವಂತೆ ಹೊಂದಿಕೊಳ್ಳುತ್ತದೆ ಎಂದು ಊಹಿಸಿದರೆ ಭೂಮಿಯ ತಾಪದ ಹಂಚಿಕೆ ಬಹುಮಟ್ಟಿಗೆ ಸರಿಯಾಗಿ ಬರುತ್ತದೆ. 2001ರಲ್ಲಿ ರಾಲ್ಫ್ ಲೊರೆಂಜ್ ಮತ್ತು ಸಂಗಡಿಗರು ಶನಿಯ ಉಪಗ್ರಹ ಟೈಟನ್‌ಗೂ ಇದನ್ನು ಹೊಂದಿಸಿ ತೋರಿಸಿದರು. ಗಾಳಿಯ ಚಲನೆಯ ಒಂದು ಸಮೀಕರಣವನ್ನೂ ಬಿಡಿಸದೆ ಇಷ್ಟು ದೂರ ಬಂದದ್ದು ಅಚ್ಚರಿಯ ಸಂಗತಿಯೇ. 2003ರಲ್ಲಿ ರಾಡ್ರಿಕ್ ಡೀವರ್ ಇದಕ್ಕೆ ಸಾಧನೆ ಒದಗಿಸಲು ಯತ್ನಿಸಿದರು. ಅದರ ಬಿರುಕುಗಳನ್ನು ನಾಲ್ಕು ವರ್ಷಗಳ ನಂತರ ಗ್ರಿನ್‌ಸ್ಟೀನ್ ಮತ್ತು ಲಿನ್ಸ್‌ಕರ್ ಎತ್ತಿ ತೋರಿಸಿದರು.

ನನಗೆ ಅದಕ್ಕಿಂತ ದೊಡ್ಡ ತೊಡಕಾಗಿ ಕಾಣುವುದು ಬೇರೆ. ಭೂಮಿ ಸರಾಸರಿ ಪ್ರತಿ ಚದರ ಮೀಟರಿಗೆ ಸುಮಾರು 240 ವಾಟ್ ಬಿಸಿಲನ್ನು ಹೀರುತ್ತದೆ. ಅದು ಬರುವುದು ಸುಮಾರು 5,770 ಕೆಲ್ವಿನ್ ತಾಪದ ಸೂರ್ಯನ ಮೈಯಿಂದ. ಮರಳಿ ಹೋಗುವುದು ಸುಮಾರು 255 ಕೆಲ್ವಿನ್‌ನ ಅವಕೆಂಪು ಕಿರಣವಾಗಿ. ಒಂದು ಬೆಳಕಿನ ಕಣ ಒಳಗೆ ಬಂದರೆ ಇಪ್ಪತ್ತಕ್ಕೂ ಹೆಚ್ಚು ಕಣಗಳು ಹೊರಗೆ ಹೋಗುತ್ತವೆ. ಶಾಖವನ್ನು ತಾಪದಿಂದ ಭಾಗಿಸುವ ಸರಳ ಲೆಕ್ಕದಲ್ಲಿ ಪ್ರತಿ ಚದರ ಮೀಟರಿನಲ್ಲಿ ಕೆಲ್ವಿನ್ನಿಗೆ 0.9 ವಾಟ್ ದರದಲ್ಲಿ ಎಂಟ್ರೊಪಿ ಹುಟ್ಟುತ್ತದೆ. ವಿಕಿರಣದ್ದನ್ನು ಕರಾರುವಾಕ್ಕಾಗಿ ಹಿಡಿದರೆ ಇನ್ನೂ ಸ್ವಲ್ಪ ಹೆಚ್ಚು. ಇದರಲ್ಲಿ ಗಾಳಿ, ಮಳೆ, ಆವಿ, ಸಾಗರ ಎಲ್ಲ ಸೇರಿ ಹುಟ್ಟಿಸುವುದು ಸುಮಾರು 0.05 ಮಾತ್ರ. ಉಳಿದದ್ದೆಲ್ಲ ಬೆಳಕನ್ನು ಹೀರಿ ಹೊರಸೂಸುವಾಗ, ಅಣುಗಳ ಮಟ್ಟದಲ್ಲಿ ಸದ್ದಿಲ್ಲದೆ ಹುಟ್ಟುತ್ತದೆ. ಪಾಲ್ಟ್ರಿಜ್‌ರ ನಿಯಮ ಗರಿಷ್ಠಗೊಳಿಸುವುದು ಈ ಸಣ್ಣ ಪಾಲಿನಲ್ಲೂ ಒಂದು ಪಾಲನ್ನು. ಯಾವ ಪಾಲನ್ನು ಗರಿಷ್ಠಗೊಳಿಸಬೇಕೆಂದು ಮೊದಲೇ ಆರಿಸಿಕೊಳ್ಳಬೇಕಾದ ನಿಯಮವನ್ನು ನಾನು ಪ್ರಕೃತಿನಿಯಮವೆಂದು ಒಪ್ಪಲಾರೆ. ಜಾಣ ಊಹೆ ಎಂದು ಒಪ್ಪುತ್ತೇನೆ.

ದೊಡ್ಡ ವಸ್ತುಗಳಲ್ಲಿ ನಿಯಮ ಹೀಗೆ ಕೈಗೆ ಸಿಗದೆ ಜಾರುತ್ತಿದ್ದಾಗ, ಯಾರೂ ನಿರೀಕ್ಷಿಸದ ಕಡೆ ಅದು ಸಿಕ್ಕಿತು. ಕಣ್ಣಿಗೆ ಕಾಣದಷ್ಟು ಚಿಕ್ಕ ವಸ್ತುಗಳಲ್ಲಿ, ಅದೂ ಅಸಮಾನತೆಯ ರೂಪದಲ್ಲಲ್ಲ, ಖಚಿತವಾದ ಸಮೀಕರಣವಾಗಿ. 1993ರಲ್ಲಿ ಡೆನಿಸ್ ಎವನ್ಸ್, ಕೊಹೆನ್ ಮತ್ತು ಮಾರಿಸ್ ಗಣಕದಲ್ಲಿ ಒಂದು ದ್ರವವನ್ನು ಎಳೆದಾಡಿಸಿ ನೋಡಿದಾಗ, ಎಂಟ್ರೊಪಿ ಆಗಾಗ ಹಿಮ್ಮುಖವಾಗಿ ಚಲಿಸುವುದು ಕಂಡಿತು. ಹಿಮ್ಮುಖದ ಸಾಧ್ಯತೆಗೂ ಮುಮ್ಮುಖದ ಸಾಧ್ಯತೆಗೂ ಕಟ್ಟುನಿಟ್ಟಾದ ಅನುಪಾತವಿತ್ತು. ಎಂಟ್ರೊಪಿಯನ್ನು ಬೋಲ್ಟ್ಸ್‌ಮನ್ ಸ್ಥಿರಾಂಕದಲ್ಲಿ ಅಳೆದರೆ ಆ ಅನುಪಾತ ಹೀಗಿರುತ್ತದೆ: 3 ಘಟಕದಷ್ಟು ಎಂಟ್ರೊಪಿ ಏರುವ ಘಟನೆ ಇಪ್ಪತ್ತು ಸಲ ನಡೆದರೆ ಅಷ್ಟೇ ಇಳಿಯುವ ಘಟನೆ ಒಂದು ಸಲ, 10 ಘಟಕವಾದರೆ ಇಪ್ಪತ್ತೆರಡು ಸಾವಿರಕ್ಕೆ ಒಂದು ಸಲ. ಘಟಕ ಹೆಚ್ಚಿದಂತೆ ಅವಕಾಶ ಘಾತೀಯವಾಗಿ ಕುಸಿಯುತ್ತದೆ. ನಮ್ಮ ಬಕೆಟ್ಟಿನ ನೀರಿನಲ್ಲಿ ಹುಟ್ಟಿದ ಎಂಟ್ರೊಪಿ 2.6×10²⁵ ಘಟಕ. ಅದು ತಾನಾಗಿ ಮತ್ತೆ ಬಿಸಿ–ತಣ್ಣಗೆ ಬೇರ್ಪಡುವುದನ್ನು ಯಾರೂ ಕಾಣದಿರುವುದಕ್ಕೆ ಈ ಸಂಖ್ಯೆಯೇ ಕಾರಣ. 1997ರಲ್ಲಿ ಜಾರ್ಜಿನ್‌ಸ್ಕಿ, 1999ರಲ್ಲಿ ಕ್ರೂಕ್ಸ್ ಇದೇ ವಂಶದ ಸಮೀಕರಣಗಳನ್ನು ಕಂಡುಕೊಂಡರು. 2002ರಲ್ಲಿ ಕ್ಯಾನ್‌ಬೆರಾದಲ್ಲಿ ಲೇಸರ್ ಕಿರಣ ಹಿಡಿದಿಟ್ಟ ಲೇಟೆಕ್ಸ್ ಮಣಿಯೊಂದನ್ನು ನೀರಿನಲ್ಲಿ ಎಳೆದಾಗ, ಎಂಟ್ರೊಪಿ ಇಳಿಯುವ ಪಥಗಳು ಒಂದೆರಡು ಸೆಕೆಂಡುಗಳವರೆಗೂ ನಿಜವಾಗಿ ಕಂಡವು. ಎರಡನೆಯ ನಿಯಮ ಮುರಿಯಲಿಲ್ಲ. ಅದು ಸರಾಸರಿಯ ಮಾತು ಎಂಬುದು ಎದುರಿಗೇ ಕಂಡಿತು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಈ ವಿಷಯದ ಮೇಲೆ ಬಹಳ ಒಳ್ಳೆಯ ಕೆಲಸ ನಡೆದಿದೆ. ಕನ್ನಡದಲ್ಲಿ ಅದರ ಬಗ್ಗೆ ಇನ್ನಷ್ಟು ಬರಹ ಬರಬೇಕಿತ್ತು. 2011ರಲ್ಲಿ ನಿತಿನ್ ಕುಮಾರ್, ಶ್ರೀರಾಮ್ ರಾಮಸ್ವಾಮಿ ಮತ್ತು ಎ. ಕೆ. ಸೂದ್ ಒಂದು ತುದಿಗಿಂತ ಇನ್ನೊಂದು ತುದಿ ಬೇರೆಯಾಗಿರುವ ಪುಟ್ಟ ಕಡ್ಡಿಯೊಂದನ್ನು ಮಣಿಗಳ ನಡುವೆ ಇಟ್ಟು ತಟ್ಟೆಯನ್ನು ಮೇಲೆ ಕೆಳಗೆ ಅದುರಿಸಿದರು. ಕಡ್ಡಿ ತನ್ನ ಮೂತಿ ತೋರಿದ ಕಡೆಗೆ ತಾನೇ ನಡೆಯುತ್ತದೆ, ಆದರೆ ಮಣಿಗಳ ಒತ್ತಡದಲ್ಲಿ ಆಗಾಗ ಹಿಂದಕ್ಕೂ ಸರಿಯುತ್ತದೆ. ಹಿಂದಕ್ಕೆ ಸರಿಯುವ, ಮುಂದಕ್ಕೆ ನಡೆಯುವ ಸಾಧ್ಯತೆಗಳ ಅನುಪಾತ ಅಣುಗಳಿಗಾಗಿ ಬರೆದ ಆ ಸಮೀಕರಣವನ್ನೇ ಹೋಲುತ್ತಿತ್ತು. ಇಲ್ಲಿರುವುದು ಅಣುವಲ್ಲ, ಬರಿಗಣ್ಣಿಗೆ ಕಾಣುವ ಕಡ್ಡಿ. ಅದರ ಹೊಯ್ದಾಟಕ್ಕೆ ಕಾರಣ ಕೋಣೆಯ ತಾಪವಲ್ಲ, ತಟ್ಟೆಯ ಅದುರು. ತಟ್ಟೆಯನ್ನು ಅದುರಿಸುವ ಯಂತ್ರ ಸುಡುವ ವಿದ್ಯುತ್ತು ಎಷ್ಟು ಎಂಟ್ರೊಪಿ ಹುಟ್ಟಿಸುತ್ತದೆ ಎಂಬುದು ಆ ಅನುಪಾತದಲ್ಲಿ ಎಲ್ಲೂ ಬರುವುದಿಲ್ಲ. ಕಡ್ಡಿಯ ನಡಿಗೆಗೆ ತನ್ನದೇ ಲೆಕ್ಕಪುಸ್ತಕ ಇದ್ದಂತೆ.

ಐದು ವರ್ಷಗಳ ನಂತರ ಸೂದ್, ರಾಜೇಶ್ ಗಣಪತಿ, ಸುದೀಶ್ ಕೃಷ್ಣಮೂರ್ತಿ ಮತ್ತು ಸಂಗಡಿಗರು ಬೆಂಗಳೂರಿನಲ್ಲೇ ಮೈಕ್ರೋಮೀಟರ್ ಗಾತ್ರದ ಉಷ್ಣಯಂತ್ರವೊಂದನ್ನು ಕಟ್ಟಿದರು. ಅದರ ಪಿಸ್ಟನ್ ಲೇಸರ್ ಹಿಡಿದ ಒಂದು ಮಣಿ, ಸುತ್ತಲಿನ ಶಾಖದ ಮಡು ಜೀವಂತ ಬ್ಯಾಕ್ಟೀರಿಯಾಗಳ ಗುಂಪು. ಬ್ಯಾಕ್ಟೀರಿಯಾಗಳು ಮಣಿಯನ್ನು ಗುದ್ದುವ ರಭಸ ತಾಪದೊಂದಿಗೆ ಬದಲಾಗುತ್ತದೆ, ಯಂತ್ರ ಅದರಿಂದ ಕೆಲಸ ಮಾಡುತ್ತದೆ. ಅದರ ದಕ್ಷತೆ, ಬರೀ ನೀರಿನ ಅಣುಗಳ ಗುದ್ದಾಟದಿಂದ ನಡೆಯುವ ಇಂಥದೇ ಸ್ಟರ್ಲಿಂಗ್ ಯಂತ್ರದ ಮಿತಿಯನ್ನು ದಾಟಿತು. ಇದರಿಂದ ಎರಡನೆಯ ನಿಯಮಕ್ಕೆ ಚ್ಯುತಿಯಿಲ್ಲ. ಬ್ಯಾಕ್ಟೀರಿಯಾ ಆಹಾರ ತಿಂದು ಬದುಕುತ್ತದೆ, ಅಲ್ಲಿ ಧಾರಾಳವಾಗಿ ಎಂಟ್ರೊಪಿ ಹುಟ್ಟುತ್ತದೆ. ಮಣಿಯ ಲೆಕ್ಕದಲ್ಲಿ ಅದು ಸೇರಿಲ್ಲ, ಅಷ್ಟೆ.

ಇಲ್ಲಿಗೆ ನಾವು ನಿಜವಾದ ಗಂಟಿಗೆ ಬಂದೆವು. ಅದನ್ನು ಬಿಡಿಸಿ ನೋಡಲು ಕೈನೆಸಿನ್ ಎಂಬ ಪ್ರೋಟೀನಿಗಿಂತ ಒಳ್ಳೆಯ ಉದಾಹರಣೆ ನನಗೆ ತಿಳಿದಿಲ್ಲ. ಜೀವಕೋಶದೊಳಗೆ ಸರಕು ಹೊರುವ ಕೂಲಿ ಇದು. ನಾರಿನಂಥ ಹಳಿಯ ಮೇಲೆ ಒಂದೊಂದು ಹೆಜ್ಜೆಗೆ 8 ನ್ಯಾನೋಮೀಟರ್ ನಡೆಯುತ್ತದೆ. ಹೆಜ್ಜೆಗೊಂದು ಎಟಿಪಿ ಎಂಬ ಇಂಧನದ ಅಣುವನ್ನು ಒಡೆಯುತ್ತದೆ. ಹೊರೆಯಿಲ್ಲದೆ ನಡೆಯುವಾಗ ಆ ಅಣುವಿನಿಂದ ಬರುವ ಶಕ್ತಿಯೆಲ್ಲ ಶಾಖವಾಗಿ ಚದುರಿ, ಹೆಜ್ಜೆಗೆ ಸುಮಾರು 20 ಘಟಕದಷ್ಟು ಎಂಟ್ರೊಪಿ ಹುಟ್ಟುತ್ತದೆ. ಈಗ ನಿಮ್ಮ ಕಣ್ಣಿಗೆ ಎಟಿಪಿ ಕಾಣುವುದಿಲ್ಲ, ಹೆಜ್ಜೆಗಳು ಮಾತ್ರ ಕಾಣುತ್ತವೆ ಎಂದುಕೊಳ್ಳಿ. 2005ರಲ್ಲಿ ಕಾರ್ಟರ್ ಮತ್ತು ಕ್ರಾಸ್ ಅಳೆದಂತೆ, ಹೊರೆಯಿಲ್ಲದಾಗ ಅದು ಮುಂದಕ್ಕೆ ಸುಮಾರು 800 ಹೆಜ್ಜೆ ಇಟ್ಟರೆ ಹಿಂದಕ್ಕೆ ಒಂದು ಹೆಜ್ಜೆ ಇಡುತ್ತದೆ. ಈ ಅನುಪಾತವನ್ನೇ ಮೇಲಿನ ಸಮೀಕರಣಕ್ಕೆ ಹಾಕಿದರೆ ಬರುವ ಉತ್ತರ ಹೆಜ್ಜೆಗೆ 6.7 ಘಟಕ. ಅದೇ ಪ್ರೋಟೀನು, ಅದೇ ನಡಿಗೆ; ಆದರೆ ಇಪ್ಪತ್ತರಲ್ಲಿ ಮೂರನೆಯ ಒಂದು ಭಾಗ ಮಾತ್ರ ಹೆಜ್ಜೆಯಲ್ಲಿ ಕಾಣುತ್ತದೆ. ಉಳಿದದ್ದು ಪ್ರೋಟೀನಿನ ಒಳಗಿನ ಚಲನೆಗಳಲ್ಲಿ, ಹೆಜ್ಜೆಯನ್ನೇ ಇಡದೆ ಇಂಧನ ಸುಡುವ ಸುತ್ತುಗಳಲ್ಲಿ ಅಡಗಿದೆ.

ಇದು ಕೈನೆಸಿನ್ನಿನ ಪಾಡಷ್ಟೇ ಅಲ್ಲ. ಸಮತೋಲದಲ್ಲಿರುವ ವಸ್ತು ಒಂದು ಭಂಗಿಯಿಂದ ಇನ್ನೊಂದಕ್ಕೆ ಎಷ್ಟು ಸಲ ಹೋಗುತ್ತದೋ ಅಷ್ಟೇ ಸಲ ಮರಳುತ್ತದೆ. 2016ರಲ್ಲಿ ಕ್ರಿಸ್ಟೋಫರ್ ಬ್ಯಾಟಲ್ ಮತ್ತು ಸಂಗಡಿಗರು ಜೀವಕೋಶಗಳ ರೋಮಗಳನ್ನು ಸೂಕ್ಷ್ಮದರ್ಶಕದಲ್ಲಿ ಚಿತ್ರಿಸಿ, ಈ ಸಮತೂಕ ಮೈಕ್ರೋಮೀಟರ್ ಮಟ್ಟದಲ್ಲೂ ಮುರಿದಿರುತ್ತದೆ ಎಂದು ತೋರಿಸಿದರು. 2021ರಲ್ಲಿ ಕ್ರಿಸ್ಟೋಫರ್ ಲಿನ್ ಮತ್ತು ಸಂಗಡಿಗರು ಎಫ್‌ಎಂಆರ್‌ಐ ಚಿತ್ರಗಳಿಂದ ಮನುಷ್ಯನ ಮೆದುಳಿನಲ್ಲೂ ಅದನ್ನು ಹಿಡಿದರು; ಮೆದುಳು ಕೆಲಸದಲ್ಲಿ ತೊಡಗಿದಾಗ ಕಾಲದ ದಿಕ್ಕು ಇನ್ನೂ ಸ್ಪಷ್ಟವಾಗುತ್ತದೆ. ಆದರೆ ಮೆದುಳು ಸುಮಾರು 20 ವಾಟ್ ಶಕ್ತಿಯನ್ನು 310 ಕೆಲ್ವಿನ್‌ನಲ್ಲಿ ಶಾಖವಾಗಿಸುತ್ತದೆ, ಎಂದರೆ ಸೆಕೆಂಡಿಗೆ 4.7×10²¹ ಘಟಕ ಎಂಟ್ರೊಪಿ. ಎಫ್‌ಎಂಆರ್‌ಐಯ ಒರಟು ಚಿತ್ರದಲ್ಲಿ ಇದರ ಅತ್ಯಲ್ಪ ಅಂಶ ಮಾತ್ರ ಕಾಣುತ್ತದೆ. ಹೀಗೆ ನೋಟ ಒರಟಾದಂತೆ ಎಂಟ್ರೊಪಿ ಮರೆಯಾಗುವುದಕ್ಕೂ ಒಂದು ಕ್ರಮವಿದೆಯೇ? 2021ರಲ್ಲಿ ಚಿವೇ ಯು, ಡೊಂಗ್ಲಿಯಾಂಗ್ ಜಾಂಗ್ ಮತ್ತು ಯೂಹಾಯ್ ಟು ರಾಸಾಯನಿಕ ಕ್ರಿಯೆಗಳ ಜಾಲಗಳಲ್ಲಿ ಅಂಥ ಕ್ರಮವೊಂದನ್ನು ಕಂಡರು: ಪಕ್ಕಪಕ್ಕದ ಸ್ಥಿತಿಗಳನ್ನು ಒಟ್ಟುಗೂಡಿಸುತ್ತ ಹೋದರೆ ಕಾಣುವ ದರ ಅಳತೆಯ ಒಂದು ಘಾತಕ್ಕೆ ಅನುಗುಣವಾಗಿ ಇಳಿಯುತ್ತದೆ, ಆ ಘಾತಾಂಕ ಜಾಲದ ಹೆಣಿಗೆಯನ್ನು ಅವಲಂಬಿಸಿರುತ್ತದೆ. ಕಳೆದ ದಶಕದ ಅತ್ಯಂತ ಭರವಸೆಯ ದಾರಿಗಳಲ್ಲಿ ಇದೊಂದು ಎಂದು ನನ್ನ ಅಭಿಪ್ರಾಯ. ಇನ್ನೊಂದು ದಾರಿಯನ್ನು ತೆರೆದದ್ದು 2015ರಲ್ಲಿ ಬರಾಟೊ ಮತ್ತು ಸೈಫರ್ಟ್ ಕಂಡ ಅನಿಶ್ಚಿತತೆಯ ಸಂಬಂಧ. ಒಂದು ಹರಿವು ಎಷ್ಟು ಕರಾರುವಾಕ್ಕಾಗಿ, ಹೊಯ್ದಾಟವಿಲ್ಲದೆ ನಡೆಯಬೇಕೋ ಅದಕ್ಕೆ ತಕ್ಕಷ್ಟು ಎಂಟ್ರೊಪಿಯ ಬೆಲೆ ತೆರಲೇಬೇಕು. ಆದ್ದರಿಂದ ಕಾಣುವ ಹರಿವಿನ ಹೊಯ್ದಾಟವನ್ನು ಅಳೆದು, ಕಾಣದ ಎಂಟ್ರೊಪಿ ಕನಿಷ್ಠ ಇಷ್ಟಿರಲೇಬೇಕು ಎಂದು ಹೇಳಬಹುದು. ಎಲ್ಲವನ್ನೂ ನೋಡಲಾಗದವರಿಗೆ ಇದು ದೊಡ್ಡ ಆಸರೆ.

ಜೀವಕೋಶದಲ್ಲಿ ಶಕ್ತಿ ಅಣುವಿನಿಂದ ಮೇಲಕ್ಕೆ ಹತ್ತುತ್ತದೆ. ಹರಿಯುವ ನೀರು, ಗಾಳಿಗಳಲ್ಲಿ ದಿಕ್ಕು ತಿರುವುಮುರುವು. ಕಡೆಗೋಲಿನಿಂದ ಮೊಸರು ಕಡೆಯುವಾಗ ದೊಡ್ಡ ಸುಳಿ ಏಳುತ್ತದೆ, ಅದು ಒಡೆದು ಚಿಕ್ಕ ಸುಳಿಗಳಾಗುತ್ತದೆ, ಅವು ಇನ್ನೂ ಚಿಕ್ಕವಾಗಿ ಕೊನೆಗೆ ಸ್ನಿಗ್ಧತೆ ಅವನ್ನು ಶಾಖವಾಗಿಸುತ್ತದೆ. ರಷ್ಯಾದ ಆಂದ್ರೇ ಕೊಲ್ಮೊಗೊರೊವ್ 1941ರಲ್ಲಿ ಇದಕ್ಕೆ ಗಣಿತ ಕೊಟ್ಟರು. ಗಾಳಿಯಲ್ಲಿ ಈ ಕೊನೆಯ ಸುಳಿ ಸುಮಾರು ಒಂದು ಮಿಲಿಮೀಟರಿನದು. ಎಂಟ್ರೊಪಿ ಹುಟ್ಟುವುದು ಅಲ್ಲಿ, ಆದರೆ ಅದರ ದರವನ್ನು ನಿರ್ಧರಿಸುವುದು ದೊಡ್ಡ ಸುಳಿ. ಸ್ನಿಗ್ಧತೆಯನ್ನು ತಗ್ಗಿಸುತ್ತ ಹೋದರೂ ಶಕ್ತಿ ಶಾಖವಾಗುವ ದರ ಹೆಚ್ಚುಕಡಿಮೆ ಅಷ್ಟೇ ಉಳಿಯುತ್ತದೆ. ಸುಳಿಗಳು ಇನ್ನಷ್ಟು ಚಿಕ್ಕದಾಗಿ ಒಡೆದು ಲೆಕ್ಕ ಸರಿದೂಗಿಸುತ್ತವೆ. ಪ್ರಯೋಗಗಳ ಅಂಕಿಗಳನ್ನು ಒಟ್ಟುಗೂಡಿಸಿ 1984ರಲ್ಲಿ ಇದನ್ನು ತೋರಿಸಿದವರು ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದಿ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಿಎಚ್‌.ಡಿ. ಪಡೆದ ಕೆ. ಆರ್. ಶ್ರೀನಿವಾಸನ್. ಅದು ಏಕೆ ಹಾಗೆ ಎಂಬುದಕ್ಕೆ ಪೂರ್ಣ ಗಣಿತ ಸಾಧನೆ ಇನ್ನೂ ಇಲ್ಲ.

ಗಾಳಿಯಲ್ಲಿ ಎಂಟ್ರೊಪಿ ಹುಟ್ಟುವುದರಲ್ಲಿ ಮಳೆಗೂ ದೊಡ್ಡ ಪಾತ್ರವಿದೆ. ಮೋಡದಿಂದ ಬೀಳುವ ಹನಿ ಕೆಲವೇ ಕ್ಷಣಗಳಲ್ಲಿ ಏಕವೇಗಕ್ಕೆ ಬಂದುಬಿಡುತ್ತದೆ. ಆಮೇಲೆ ಅದು ಕಳೆದುಕೊಳ್ಳುವ ಎತ್ತರವೆಲ್ಲ ಹನಿಯ ಸುತ್ತಲಿನ ಗಾಳಿಯಲ್ಲಿ ಶಾಖವಾಗುತ್ತದೆ: ಒಂದು ಲೀಟರ್ ನೀರಿಗೆ, ಕಿಲೋಮೀಟರಿಗೆ 9,800 ಜೂಲ್. ಉಷ್ಣವಲಯದಲ್ಲಿ ಇದು ಸರಾಸರಿ ಪ್ರತಿ ಚದರ ಮೀಟರಿಗೆ 1.8 ವಾಟ್ ಎಂದು 2012ರಲ್ಲಿ ಒಲಿವಿಯೇ ಪೌಲ್ವಿ ಮತ್ತು ಜುಲಿಯಾನಾ ಡಿಯಾಸ್ ಉಪಗ್ರಹಗಳ ಮಳೆಯ ಅಂಕಿಗಳಿಂದ ಅಂದಾಜು ಮಾಡಿದರು. ಗಾಳಿಯ ದೊಡ್ಡ ಚಲನೆಗಳೆಲ್ಲ ಸೇರಿ ಶಾಖವಾಗಿಸುವ ಶಕ್ತಿಗೆ ಇದು ಹೋಲುವಂಥದು. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮೇಲೆ ಮಳೆ ಸುರಿಯುವ ಆಗುಂಬೆಯಲ್ಲಿ, ಹನಿ ಬೀಳುವ ಪ್ರತಿ ಕಿಲೋಮೀಟರ್ ಎತ್ತರಕ್ಕೆ ವರ್ಷದ ಸರಾಸರಿ 2.2 ವಾಟ್ ಬರುತ್ತದೆ. ಚಂಡಮಾರುತದಷ್ಟು ದೊಡ್ಡ ವ್ಯವಸ್ಥೆಯ ಆಯವ್ಯಯದಲ್ಲಿ ಮಿಲಿಮೀಟರ್ ಗಾತ್ರದ ಹನಿಯ ಸುತ್ತಲಿನ ಈ ತೆಳು ಗಾಳಿಯನ್ನು ಬಿಟ್ಟರೆ ಲೆಕ್ಕ ತಪ್ಪುತ್ತದೆ. ಹವಾಮಾನದ ಗಣಕ ಮಾದರಿಗಳು ಹನಿಯನ್ನು ಹನಿಯಾಗಿ ನೋಡಲಾರವು, ಅಂದಾಜಿನಿಂದ ತುಂಬಿಕೊಳ್ಳುತ್ತವೆ. ಮುಂಗಾರನ್ನು ನಂಬಿ ಬದುಕುವ ನಮಗೆ ಇದು ದೂರದ ಪ್ರಶ್ನೆಯಲ್ಲ.

ಅಣುವಿನಿಂದ ಮೋಡದವರೆಗಿನ ಈ ಅಳತೆಗಳನ್ನೆಲ್ಲ ದಾಟಿ ನೋಡಿದರೆ, ಎಲ್ಲಕ್ಕಿಂತ ದೊಡ್ಡ ಎಂಟ್ರೊಪಿ ಇರುವುದು ಕಪ್ಪುಕುಳಿಗಳಲ್ಲಿ. ಸೂರ್ಯನ ಎಂಟ್ರೊಪಿ ಸುಮಾರು 10⁵⁸ ಘಟಕವಾದರೆ, ಅದೇ ತೂಕದ ಕಪ್ಪುಕುಳಿಯದು 10⁷⁷. ಅದು ಕುಳಿಯ ಮೇಲ್ಮೈಯ ವಿಸ್ತೀರ್ಣಕ್ಕೆ ಅನುಪಾತದಲ್ಲಿರುತ್ತದೆ ಎಂದು 1970ರ ದಶಕದ ಆರಂಭದಲ್ಲಿ ಬೆಕೆನ್‌ಸ್ಟೈನ್ ಸೂಚಿಸಿದರು, ಹಾಕಿಂಗ್ ದೃಢಪಡಿಸಿದರು. ವಿಸ್ತೀರ್ಣ ಎಂದೂ ಕುಗ್ಗದು ಎಂಬ ಹಾಕಿಂಗ್‌ರ ಪ್ರಮೇಯವನ್ನು ಆಕಾಶದಲ್ಲೇ ಪರೀಕ್ಷಿಸಲು ಸಾಧ್ಯವಾದದ್ದು 2015ರ ಸೆಪ್ಟೆಂಬರ್ 14ರಂದು ದಾಖಲಾದ ಗುರುತ್ವ ಅಲೆಯಿಂದ. ಎರಡು ಕಪ್ಪುಕುಳಿಗಳು ಒಂದಾದಾಗ ಮೂರು ಸೂರ್ಯರಷ್ಟು ದ್ರವ್ಯ ಅಲೆಯಾಗಿ ಹೊರಟುಹೋಯಿತು. ಆದರೂ 2021ರಲ್ಲಿ ಮ್ಯಾಕ್ಸಿಮಿಲಿಯಾನೋ ಇಸಿ ಮತ್ತು ಸಂಗಡಿಗರು ಮಾಡಿದ ಲೆಕ್ಕದಂತೆ, ಒಟ್ಟು ವಿಸ್ತೀರ್ಣ ಸುಮಾರು 2,35,000 ಚದರ ಕಿಲೋಮೀಟರಿನಿಂದ 3,67,000ಕ್ಕೆ ಏರಿತ್ತು. ಹೊಸ ಕುಳಿಯ ವಿಸ್ತೀರ್ಣ ತಿಳಿದದ್ದು, ಗಂಟೆ ಬಾರಿಸಿದ ಮೇಲೆ ನಾದ ಅಡಗುವಂತೆ ಅಲೆಯ ಕೊನೆಯಲ್ಲಿ ಅಡಗಿಹೋದ ಸ್ವರದಿಂದ. ಕದಡಿದ ಕಪ್ಪುಕುಳಿ ಹಾಗೆ ತನ್ನದೇ ಸ್ವರದಲ್ಲಿ ಮಿಡಿದು ಶಾಂತವಾಗುತ್ತದೆ ಎಂದು 1970ರಲ್ಲಿ ಮೊದಲು ತೋರಿಸಿದವರು ಬೆಂಗಳೂರಿನಲ್ಲಿ ಹುಟ್ಟಿದ ಸಿ. ವಿ. ವಿಶ್ವೇಶ್ವರ. ಅಲೆ ಸಿಕ್ಕಿತೆಂಬ ಘೋಷಣೆ 2016ರ ಫೆಬ್ರವರಿಯಲ್ಲಿ ಬಂದಾಗ ಅವರು ನಮ್ಮೊಡನಿದ್ದರು. ಮರುವರ್ಷ ಜನವರಿಯಲ್ಲಿ ತೀರಿಕೊಂಡರು. ವಿಸ್ತೀರ್ಣದ ಈ ಲೆಕ್ಕ ಬಂದದ್ದು ಅದಾಗಿ ನಾಲ್ಕು ವರ್ಷಕ್ಕೆ.